ಮಾತಾಡದೆ ಕೀಳುವ ಸೊಪ್ಪು

ನಮ್ಮವ್ವ ಕಾಮಣಿಗೆ ಔಷಧ ಕೊಡುತ್ತಿದ್ದಳು. ಕಾಮಣಿ ಎಂದರೆ ಕಾಮಾಲೆ. ಕಣ್ಣು ಅರಿಶಿನ ಬಳಿದಂತಾಗುತ್ತದೆ, ಉಚ್ಚೆ ಎಳ್ಳೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ, ಬಿಸಿ ರೊಟ್ಟಿಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ನಮ್ಮೂರು ಆಳಂದ ತಾಲೂಕಿನದು, ನಿಂಬರ್ಗಾದ ರಸ್ತೆಯಿಂದ ಒಳಗೆ ಸರಿದಿದೆ. ಬಸ್ಸಿಳಿದು ತೊಗರಿ ಹೊಲಗಳ ನಡುವೆ ನಡೆಯಬೇಕು. ಅಷ್ಟಿದ್ದೂ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಅಫಜಲಪುರದ ಹೊಳೆದಂಡೆಯ ಊರುಗಳಿಂದ, ಜೇವರ್ಗಿ ಕಡೆಯಿಂದ ಬಂದವರು ಕೌದಿ ಹೊದ್ದು ಕೂತಿರುತ್ತಿದ್ದರು. ಅವ್ವ ಅವರಿಂದ ಏನನ್ನೂ ಮುಟ್ಟುತ್ತಿರಲಿಲ್ಲ, ಒಂದು ಎಲೆ ಅಡಿಕೆಯನ್ನು ಸಹ. "ತಗೊಂಡ್ರ ಕೈಗುಣ ಹೋಗತದ" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹೆಸರು. ಇಂಥ ಊರಿನ ಇಂಥವರ ಮನೆಯವಳು ಕೊಟ್ಟರೆ ಕಾಮಣಿ ನಿಲ್ಲುವುದಿಲ್ಲ ಅಂತ ಯಾರಾದರೂ ಅಂದರೆ ಅವತ್ತು ಅವಳು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು.

ಆ ಔಷಧಕ್ಕೆ ಕಟ್ಟಳೆಗಳಿದ್ದವು. ಸೊಪ್ಪನ್ನು ಭಾನುವಾರವೇ ಕೀಳಬೇಕು, ಅದೂ ಹೊತ್ತು ಹುಟ್ಟುವ ಮೊದಲು. ಎಲೆಯ ಮೇಲಿನ ಇಬ್ಬನಿ ಆರಬಾರದು, ಬೇರೆ ನೀರು ತಾಕಬಾರದು. ಆಡಿನ ಹಾಲಿನಲ್ಲಿ ಅರೆದು ಬರಿಹೊಟ್ಟೆಗೆ ಕುಡಿಸಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮಾತಿನದು. ಅವ್ವ ಜಳಕ ಮಾಡಿ, ಲಿಂಗಪೂಜೆ ಮುಗಿಸಿ ಹೊಸ್ತಿಲು ದಾಟಿದಳೆಂದರೆ, ರೋಗಿ ಔಷಧ ನುಂಗುವ ತನಕ ಅವಳು ಮಾತಾಡುವಂತಿಲ್ಲ, ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಗುರುತಿಗೆ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಅದನ್ನು ಕಂಡರೆ ಸಾಕು, ಊರು ದಾರಿ ಬಿಡುತ್ತಿತ್ತು. ಚಹಾದಂಗಡಿಯವನು ಮೊಬೈಲಿನ ಹಾಡು ನಿಲ್ಲಿಸುತ್ತಿದ್ದ. ಬೆಳಗಿನ ನಮಾಜು ಮುಗಿಸಿ ಬರುವವರು ಸರಿದು ನಿಲ್ಲುತ್ತಿದ್ದರು. ಕೆಲವರಂತೂ ಬಾಯಿ ತಪ್ಪಿ ಮಾತು ಬಂದೀತೆಂದು ಗೋಡೆಗೆ ಮುಖ ಮಾಡುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಸೊಪ್ಪು ಸತ್ತಂತೆ. ಅದನ್ನು ಅಲ್ಲೇ ಎಸೆದು ಬರಬೇಕು, ಮತ್ತೆ ಮುಂದಿನ ಭಾನುವಾರವೇ. "ಮಾತು ಆಡಿದ್ರ ಹೋಯ್ತು, ಮುತ್ತು ಒಡದ್ರ ಹೋಯ್ತು" ಎಂದು ಅವ್ವ ಇದಕ್ಕೂ ಒಂದು ಗಾದೆ ಇಟ್ಟುಕೊಂಡಿದ್ದಳು.

ಇಷ್ಟೆಲ್ಲ ಮಾಡಿ ಅವಳು ಕೀಳುತ್ತಿದ್ದದ್ದು ನೆಲನೆಲ್ಲಿ. ಹೆಸರು ಬಾಯಿಬಿಟ್ಟರೆ ಗುಣ ಹೋಗುತ್ತದಂತೆ. ಬರೆದುಬಿಟ್ಟೆ ನೋಡಿ, ಏನೂ ಆಗಲಿಲ್ಲ. ಗೇಣುದ್ದದ ಗಿಡ, ಹುಣಸೆ ಎಲೆಯಂಥ ಸಣ್ಣ ಎಲೆ, ಎಲೆಯ ಬೆನ್ನಿಗೆ ಸಾಸಿವೆಯಂಥ ಕಾಯಿ. ಮಳೆ ಬಿದ್ದರೆ ಯಾರ ಬದುವಿನ ಮೇಲಾದರೂ ಏಳುತ್ತದೆ. ಊರಿನ ಅರ್ಧ ಜನಕ್ಕೆ ಅದು ಗೊತ್ತಿತ್ತು, ಆದರೆ ಗೊತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ತಾನೇ ಕಿತ್ತು ಕುಡಿದರೆ ಅದು ಕಸ, ಅವ್ವ ಸೆರಗು ಕಚ್ಚಿಕೊಂಡು ತಂದರೆ ಔಷಧ.

ನಾನು ಜೇವರ್ಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಬಹಳಷ್ಟು ಕಾಮಣಿ ತನ್ನಷ್ಟಕ್ಕೆ ತಾನೇ ಇಳಿಯುತ್ತದೆಂದೂ, ಇಳಿಯದೆ ಇರುವುದನ್ನು ಸೊಪ್ಪು ಇಳಿಸುವುದಿಲ್ಲವೆಂದೂ ನನಗೆ ಗೊತ್ತಿದೆ. ಈ ಮಾತನ್ನು ಅವ್ವನ ಮುಂದೆ ಆಡಿ ಬೈಸಿಕೊಂಡದ್ದೂ ಇದೆ. ಆದರೆ ಅವಳಿಗೆ ಬರೀ ಕಾಮಣಿಯಲ್ಲ, ಬದುವಿನ ಮೇಲಿನ ಗಿಡಗಳೆಲ್ಲ ಗೊತ್ತಿದ್ದವು. ಕೆಮ್ಮಿಗೆ ಆಡುಸೋಗೆ, ನೆಗಡಿಗೆ ಲಕ್ಕಿ ಸೊಪ್ಪಿನ ಹಬೆ, ಮೊಣಕಾಲು ನೋವಿಗೆ ಬೆಚ್ಚಗೆ ಮಾಡಿದ ಎಕ್ಕೆ ಎಲೆ, ಚೇಳು ಕಚ್ಚಿದರೆ ಉತ್ತರಾಣಿ ಬೇರು. ನಾವು ಸಣ್ಣವರಿದ್ದಾಗ ಬದು ಎಂದರೆ ಎರಡು ಹೊಲಗಳ ನಡುವಿನ ಗೆರೆಯಾಗಿರಲಿಲ್ಲ. ಅಲ್ಲಿ ತಂಗಡಿ ಹೂವಿತ್ತು, ಕಾರೆ ಕಂಟಿಯಿತ್ತು, ಕಾಲಿಟ್ಟರೆ ಬುರ್ಲಿ ಹಕ್ಕಿ ಬುರ್ರೆಂದು ಏಳುತ್ತಿತ್ತು. ಮೊಲ ಇತ್ತು, ಉಡ ಇತ್ತು, ಚಳಿಗಾಲದಲ್ಲಿ ಜೋಳದ ಹೊಲಕ್ಕೆ ಚಿಗರಿಗಳು ಹಿಂಡಾಗಿ ಬರುತ್ತಿದ್ದವು.

ಆಮೇಲೆ ಕಸದ ಎಣ್ಣೆ ಬಂತು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷಕ್ಕೆಲ್ಲ ಎಣ್ಣೆ ಎನ್ನುತ್ತಾರೆ. ಹುಳಕ್ಕೆ ಹುಳದ ಎಣ್ಣೆ, ಕಸಕ್ಕೆ ಕಸದ ಎಣ್ಣೆ. ಕಸ ತೆಗೆಯುವ ಹೆಣ್ಣಾಳುಗಳು ಸಿಗದಂತಾದ ಮೇಲೆ ಎಲ್ಲರೂ ಬೆನ್ನಿಗೆ ಪಂಪು ಕಟ್ಟಿಕೊಂಡರು. ಸಂಜೆ ಹೊಡೆದರೆ ಮರುದಿನದ ಬಿಸಿಲಿಗೆ ಬದು ಕಂದಿ, ಎರಡು ದಿನಕ್ಕೆ ಸುಟ್ಟ ಬೀಡಿಯ ಬಣ್ಣಕ್ಕೆ ಬರುತ್ತದೆ. ಒಂದು ವರ್ಷ ನಮ್ಮ ಹೊಲದ ಹಿಂದೆ ನವಿಲುಗಳು ಸತ್ತು ಬಿದ್ದವು. ಯಾವ ಎಣ್ಣೆ, ಯಾರ ಹೊಲದ್ದು ಎಂದು ಯಾರೂ ಕೇಳಲಿಲ್ಲ, ಕೇಳಿದರೆ ಎಲ್ಲರ ಹೆಸರೂ ಬರುತ್ತಿತ್ತು. ಮೊದಲು ಹೊಡೆದವರಲ್ಲಿ ನನ್ನ ತಮ್ಮನೂ ಒಬ್ಬ. ನಮ್ಮ ಹೊಲದ ಸುತ್ತ ಒಂದು ಹುಲ್ಲು ಉಳಿಯದಂತೆ ನುಣ್ಣಗೆ ಮಾಡಿ, "ನೋಡಬೇ, ಹೆಂಗ ಸಾರಿಸಿದಂಗ ಆಗ್ಯಾದ" ಎಂದು ಅವ್ವನನ್ನು ಕರೆದು ತೋರಿಸಿದ. ಅವ್ವ ಅಲ್ಲೇ ನಿಂತು ಬಾಯಿಗೆ ಬಂದಂತೆ ಬೈದಳು. ಅಂದಿನಿಂದ ಅವಳು ಸೊಪ್ಪಿಗೆ ಪಕ್ಕದ ಹೊಲದ ಬದುವಿಗೆ ಹೋಗತೊಡಗಿದಳು.

ಪಕ್ಕದ ಹೊಲ ಚಾಚಾನದು. ನಾವು ಹುಟ್ಟಿದಾಗಿನಿಂದ ಅವನನ್ನು ಚಾಚಾ ಎಂದೇ ಕರೆದವರು. ಮನೆಯಲ್ಲಿ ಉರ್ದು, ಹೊರಗೆ ನಮಗಿಂತ ಗಟ್ಟಿ ಕನ್ನಡ. ಅವ್ವನಿಗೆ ಅವನು ತಮ್ಮ, ಅವನಿಗೆ ಅವ್ವ ಅಕ್ಕ. ಹುಡುಗನಾಗಿದ್ದಾಗ ಅವನಿಗೂ ಅವ್ವನೇ ಔಷಧ ಕುಡಿಸಿದ್ದಳಂತೆ. ಕಸದ ಎಣ್ಣೆ ಬಂದ ಮೇಲೂ ಅವನು ತನ್ನ ಬದುವಿಗೆ ಮಾತ್ರ ಹೊಡೆಯುತ್ತಿರಲಿಲ್ಲ. "ಅಕ್ಕಾಗ ಬೇಕಾಗತದ, ಇರಲಿ" ಎನ್ನುತ್ತಿದ್ದ.

ಆ ವರ್ಷ ತಮ್ಮನಿಗೇ ಕಾಮಣಿ ಆಯಿತು. ಮೊದಲು ಜ್ವರ ಅಂದ, ಆಮೇಲೆ ಬಾಯಿ ರುಚಿ ಇಲ್ಲ ಅಂದ. ಆಳಂದದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಲಿವರ್ ಸೋತಿದೆ, ತಡ ಮಾಡಬೇಡಿ, ಕಲಬುರಗಿಗೆ ಹೋಗಿ ಅಡ್ಮಿಟ್ ಆಗಿ ಎಂದು ಹೇಳಿದ್ದರು. ತಮ್ಮ ಹೂಂ ಎಂದು ಮನೆಗೆ ಬಂದು ಮಲಗಿದ. ದಸರಾ ರಜೆಗೆ ಶನಿವಾರ ನಾನು ಊರಿಗೆ ಹೋದಾಗ ಅವನ ಮುಖ ನೋಡಿ, ಕೈ ಹಿಡಿದು ತಿರುಗಿಸಿ ನೋಡಿದೆ. ಬರೀ ಕಣ್ಣಲ್ಲ, ಅಂಗೈ ಕೂಡ ಹಳದಿ.

"ಈಗಿಂದೀಗ ನಡಿ, ಗಾಡಿ ಹೇಳ್ತೇನಿ" ಅಂದೆ.

"ನಾಳಿ ಐತವಾರ ಅದ. ಅವ್ವನ ಔಷಧ ಒಂದು ಕುಡದು ಸೋಮವಾರ ಹೋಗ್ತೇನಿ ತಗೋ."

"ಲೇ, ಡಾಕ್ಟರು ಏನು ಹೇಳ್ಯಾರ ಅಂತ ಗೊತ್ತದೇನು ನಿನಗ?"

"ಗೊತ್ತದ ಬೇ ಮೇಷ್ಟ್ರಮ್ಮಾ. ಊರ ಮಂದಿಗೆಲ್ಲ ಕೊಟ್ಟಾಕಿ ಹೊಟ್ಯಾಗ ಹುಟ್ಟಿ, ನಾನೇ ಕುಡೀಲಾರದ ದವಾಖಾನಿಗಿ ಹೋದ್ರ ಮಂದಿ ಏನಂದಾರು? ಅವ್ವನ ಮಾರಿ ನೋಡು."

ಅವ್ವನ ಮುಖ ನೋಡಿದೆ. ಅವಳು ಆಗಲೇ ನಾಳೆಗೆ ಆಡಿನ ಹಾಲು ಯಾರ ಮನೆಯಿಂದ ತರಬೇಕೆಂದು ತಮ್ಮನ ಹೆಂಡತಿಗೆ ಹೇಳುತ್ತಿದ್ದಳು. ಒಂದೇ ದಿನದ ಮಾತು ಎಂದು ನಾನು ಸುಮ್ಮನಾದೆ. ಸುಮ್ಮನಾಗದೆ ಇನ್ನೇನು ಮಾಡಲಿ, ಮೂವತ್ತು ದಾಟಿದ ಗಂಡಸನ್ನು ಎತ್ತಿ ಗಾಡಿಗೆ ಹಾಕಲು ಬರುತ್ತದೆಯೇ?

ಬೆಳಗ್ಗೆ ಅವ್ವ ಒದ್ದೆ ಕೂದಲಲ್ಲೇ ಸೆರಗು ಕಚ್ಚಿಕೊಂಡು ಹೋದಳು. ಮೂಡಲ ಇನ್ನೂ ಬೂದಿ ಬಣ್ಣಕ್ಕಿತ್ತು. ಅವಳು ತಿರುಗಿ ಬರುವಾಗ ಬೊಗಸೆಯಲ್ಲಿ ಸೊಪ್ಪಿತ್ತು. ಎಲೆಗಳೆಲ್ಲ ತೊಯ್ದು ಹನಿ ಇಳಿಯುತ್ತಿದ್ದವು. ಹೊಸ್ತಿಲಲ್ಲಿ ಕೂತು ತೊಳೆಯದೆ ಕಲ್ಲಿನಲ್ಲಿ ಅರೆದಳು. ಕಹಿ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಇತ್ತೆಂದು ಈಗ ನನಗನ್ನಿಸುತ್ತದೆ. ಆದರೆ ಹಿಂಗಾರಿ ಜೋಳ ಬಿತ್ತುವ ಆ ದಿನಗಳಲ್ಲಿ ಊರಿಗೆ ಊರೇ ಅದೇ ವಾಸನೆ ಹೊಡೆಯುತ್ತಿತ್ತು, ನಮ್ಮ ಗೋಡೆಗೆ ತೂಗುಹಾಕಿದ ತಮ್ಮನ ಪಂಪಿಗೂ ಅದೇ ವಾಸನೆ.

ಆಗಲೇ ಚಾಚಾ ಬಂದದ್ದು. ನಾನು ಒಳಗಿನಿಂದ ನೋಡಿದೆ. ಹೊಲದ ಕಡೆಯಿಂದ ಬಿರಬಿರನೆ ನಡೆದು ಬಂದವನು ನಮ್ಮ ಅಂಗಳದ ಬಾಗಿಲಲ್ಲಿ ನಿಂತ, ಅವ್ವನ ಬಾಯಲ್ಲಿದ್ದ ಸೆರಗು ನೋಡಿದ, ನೋಡಿ ಗೋಡೆಗೆ ಮುಖ ಮಾಡಿದ. ತಲೆಗೆ ಸುತ್ತಿದ ಟವೆಲು ಬಿಚ್ಚಿ ಕೈಯಲ್ಲಿ ಹಿಂಡುತ್ತಿದ್ದ. ತಮ್ಮನ ಆರೋಗ್ಯ ಕೇಳಲು ಬಂದಿದ್ದಾನೆ, ಔಷಧ ಮುಗಿಯಲೆಂದು ಕಾಯುತ್ತಿದ್ದಾನೆ ಎಂದುಕೊಂಡೆ. ಎಷ್ಟು ಮರ್ಯಾದಸ್ಥ ಮನುಷ್ಯ ಎಂದೂ ಅಂದುಕೊಂಡೆ. ಅವ್ವನೂ ಅವನನ್ನು ಕಂಡಳು. ಕಂಡು, ಅರೆದದ್ದನ್ನು ಹಾಲಿಗೆ ಕಲಸಿ, ಬಟ್ಟಲನ್ನು ತಮ್ಮನ ಕೈಗೆ ಕೊಟ್ಟಳು. ತಮ್ಮ ಮೂಗು ಹಿಡಿದುಕೊಂಡು ಗಟಗಟನೆ ಕುಡಿದು ಬಾಯಿ ಒರೆಸಿಕೊಂಡ.

ಅವ್ವ ಸೆರಗು ಬಿಟ್ಟಳು. ಆ ಕೂಡಲೇ ಚಾಚಾ ಈ ಕಡೆ ತಿರುಗಿದ.

"ಅಕ್ಕಾ, ಯಾವ ಬದುವಿನ್ಯಾಗ ಕಿತ್ತಿ?"

"ನಿನ್ನ ಬದುವಿನ್ಯಾಗೇ. ಬೇವಿನ ಗಿಡದ ಬಲಕ್ಕ."

"ಯಾ ಅಲ್ಲಾ" ಎಂದು ಅವನು ಅಲ್ಲೇ ಕುಸಿದು ಕೂತ. "ನಿನ್ನಿ ಸಂಜೀಕ ಅಲ್ಲಿ ಎಣ್ಣಿ ಹೊಡಸೀನಿ ಅಕ್ಕಾ. ಕಸದ್ದು."

ಮುಂದಿನದೆಲ್ಲ ನನಗೆ ತುಂಡು ತುಂಡಾಗಿ ನೆನಪಿದೆ. ತಮ್ಮನ ಹೆಂಡತಿಯ ಕಿರುಚಾಟ. ನಾನು ಉಪ್ಪುನೀರು ಕುಡಿಸಿದ್ದು, ಅವನು ಕಾರಿದ್ದು, ಇನ್ನೂ ಕಾರು ಎಂದು ನಾನು ಬೆನ್ನಿಗೆ ಗುದ್ದಿದ್ದು. ಗಾಡಿ ತಂದವನು ಚಾಚಾನೇ. ಆಳಂದದಲ್ಲಿ ಹೊಟ್ಟೆ ತೊಳೆದು ಕಲಬುರಗಿಗೆ ಕಳಿಸಿದರು. ದಾರಿಯಲ್ಲಿ ಕಡಗಂಚಿ ದಾಟುವಾಗ ತಮ್ಮ, "ನಾಲಿಗಿ ಸುಡಾಕತ್ತದ, ಅಕ್ಕಾ" ಅಂದ. ಅವ್ವ ಮುಂದಿನ ಸೀಟಿನಲ್ಲಿ ಕೂತು ಒಂದು ಸಲವೂ ಹಿಂದೆ ನೋಡಲಿಲ್ಲ.

ಅವನು ಆ ವಾರ ಪೂರ್ತಿ ಎಚ್ಚರವಾಗಿಯೇ ಇದ್ದ, ಅದು ಎಲ್ಲಕ್ಕಿಂತ ಕೆಟ್ಟದ್ದು. ಬಾಯೆಲ್ಲ ಹುಣ್ಣಾಗಿತ್ತು. ಮೊದಲು ಉಚ್ಚೆ ಕಟ್ಟಿತು, ಆಮೇಲೆ ಹೊಟ್ಟೆ ಉಬ್ಬಿತು, ಕಡೆಗೆ ಉಸಿರು ಸಾಲದಾಯಿತು. ನನ್ನ ಕೈ ಹಿಡಿದುಕೊಂಡು ಹೊಲ ಬಿತ್ತಿದರೋ ಇಲ್ಲವೋ ಎಂದು ಕೇಳುತ್ತಿದ್ದ. ಒಮ್ಮೆ, "ಅವ್ವಗ ಬೈಬ್ಯಾಡ" ಅಂದ. ಬೈಯುವುದಿಲ್ಲ ಅಂದೆ. ಅವ್ವ ವಾರ್ಡಿನ ಹೊರಗೆ ಗೋಡೆಗೆ ಆನಿಕೊಂಡು ಕೂತಿರುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ.

ನಾನು ಡಾಕ್ಟರನ್ನು ಹಿಡಿದು ಕೇಳಿದೆ. ಕಾಮಣಿಯೋ ಎಣ್ಣೆಯೋ, ಯಾವುದರಿಂದ ಹೀಗಾಗುತ್ತಿದೆ, ಒಂದು ಹೇಳಿ ಅಂದೆ. ಅವರು ಸಮಾಧಾನದ ಮನುಷ್ಯ. "ನೋಡ್ರಿ ಟೀಚರ್, ಲಿವರ್ ಮೊದಲೇ ಹೋಗಿತ್ತು. ಅದರ ಮ್ಯಾಲ ಇದು. ಎಲಿ ಮ್ಯಾಲಿನ ಎಣ್ಣಿ ಎಷ್ಟು ಹೊಟ್ಟಿಗಿ ಹೋಯ್ತು ಅಂತ ಯಾರಿಗಿ ಗೊತ್ತು? ಯಾವುದು ಎಷ್ಟು ಮಾಡ್ತು ಅಂತ ನನಗ ಹೇಳಾಕ ಬರಂಗಿಲ್ಲ" ಅಂದರು. ಅದು ಸತ್ಯ ಇರಬಹುದು. ಆದರೆ ನನಗೆ ಸತ್ಯ ಬೇಕಿರಲಿಲ್ಲ, ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು.

ಅಂಥವನೊಬ್ಬ ದವಾಖಾನೆಯ ಮೆಟ್ಟಿಲ ಮೇಲೆ ದಿನವೂ ಸಿಗುತ್ತಿದ್ದ. ಚಾಚಾ ಊರಿಗೆ ಹೋಗಿರಲೇ ಇಲ್ಲ. ಔಷಧಿ ಚೀಟಿ ಹಿಡಿದು ಓಡಾಡುವವನು, ಚಹಾ ತರುವವನು ಅವನೇ. ಒಂದು ಮಧ್ಯಾಹ್ನ ನಾನು ಅವನ ಮುಂದೆ ಹೋಗಿ ನಿಂತೆ.

"ಚಾಚಾ, ನೀ ನಮ್ಮ ಬಾಗಿಲಾಗ ನಿಂತಿದ್ದಿ. ಅವ ಇನ್ನೂ ಕುಡದಿರಲಿಲ್ಲ. ಒಂದು ಮಾತು ಒದರಿದ್ರ ನಿನ್ನ ಗಂಟೇನು ಹೋಗತಿತ್ತು?"

ಅವನು ಕೈಯಲ್ಲಿದ್ದ ಔಷಧಿ ಚೀಟಿಯನ್ನು ಮಡಿಚಿ ಬಿಚ್ಚಿದ. ಆಮೇಲೆ ಹೇಳಿದ. ಈ ಸಲ ಆಳು ಸಿಕ್ಕಿರಲಿಲ್ಲ, ಕಸ ಎದೆಮಟ್ಟ ಬೆಳೆದಿತ್ತು, ಮೊದಲನೇ ಸಲ ಬದುವಿಗೂ ಎಣ್ಣೆ ಹೊಡೆಸಿದ. ನಮ್ಮ ಮನೆಗೆ ಬಂದು ಹೇಳಬೇಕೆಂದಿದ್ದ, ಸಂಜೆ ತಡವಾಯಿತು, ಬೆಳಗ್ಗೆ ಹೇಳೋಣ ಎಂದು ಬಿಟ್ಟ. ಬೆಳಗ್ಗೆ ದೂರದಿಂದ ಅವ್ವ ಬಗ್ಗಿದ್ದು ಕಂಡಿತು. ತನ್ನ ಬದುವಿನ ಮೇಲೋ, ಅದರಾಚೆಯ ಹಳ್ಳದ ದಂಡೆಯ ಮೇಲೋ ಗೊತ್ತಾಗಲಿಲ್ಲ. ಕೇಳೋಣ ಎಂದು ಓಡಿ ಬಂದ. ಬಂದು ನೋಡಿದರೆ ಸೆರಗು ಇನ್ನೂ ಬಾಯಲ್ಲಿತ್ತು.

"ಖಾತ್ರಿ ಇದ್ದಿದ್ರ ಒದರತಿದ್ದೆ, ಬೇಟಿ. ಖಾತ್ರಿ ಇರಲಿಲ್ಲ. ಸುಳ್ಳಾಗಿ ಔಷಧ ಕೆಡಿಸಿದ್ರ, ಅವಗ ನಾಳಿ ಏನಾರ ಆದ್ರ, ಮತ್ತ ನಮ್ಮ ಮನಿ ಮ್ಯಾಲೇ ಬರತದ ಅನಿಸ್ತು. ನಿನ್ನ ಚಾಚಿ ಒಮ್ಮಿ ಬಾಯಿ ತೆರದು ಏನಾಯ್ತು, ನಿನಗ ಗೊತ್ತದಲ್ಲ?"

ನನಗೆ ಗೊತ್ತಿತ್ತು, ಅರ್ಧ. ನಾನಾಗ ಸಣ್ಣವಳು. ಚಾಚಿ ಹೊಸದಾಗಿ ಮದುವೆಯಾಗಿ ಬಂದಿದ್ದಳು, ಪೇಟೆಯ ಹುಡುಗಿ, ನಗುನಗುತ್ತ ಎಲ್ಲರನ್ನೂ ಮಾತಾಡಿಸುತ್ತಿದ್ದಳಂತೆ. ಒಂದು ಭಾನುವಾರ ಬೆಳಗ್ಗೆ ನೀರಿಗೆ ಬಂದವಳು ದಾರಿಯಲ್ಲಿ ಅವ್ವನನ್ನು ಕಂಡು, "ಎಲ್ಲಿಗಿ ಹೋಗಿದ್ರಿ ಅಕ್ಕಾ?" ಎಂದು ಕೇಳಿದಳು. ಸೆರಗಿನ ಗುರುತು ಅವಳಿಗೆ ಯಾರೂ ಹೇಳಿರಲಿಲ್ಲ. ಅವ್ವ ಕೈಯಲ್ಲಿದ್ದ ಸೊಪ್ಪನ್ನು ಚೆಲ್ಲಿ ಮನೆಗೆ ಬಂದಳು. ಅಂದು ಅಂಗಳಕ್ಕೆ ಅಫಜಲಪುರದ ಕಡೆಯ ಒಬ್ಬ ಹರೆಯದವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು. ಅವ್ವ ಅವರಿಗೆ ಮುಂದಿನ ಭಾನುವಾರ ಬರಲು ಹೇಳಿದಳು. ಅವನು ಅಲ್ಲಿಯ ತನಕ ಉಳಿಯಲಿಲ್ಲ. ಸುದ್ದಿ ಬಂದ ದಿನ ಅವ್ವ ಓಣಿಯ ನಡುವೆ ನಿಂತು, "ಅವನ್ನ ಕೊಂದದ್ದು ಆಕಿ ನಾಲಿಗಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಆ ಮಾತು ಚಾಚಿಗೆ ಅಂಟಿಕೊಂಡಿತು. ಎಲ್ಲಿಗಾದರೂ ಹೊರಟವರು ಅವಳು ಎದುರಾದರೆ ತಿರುಗಿ ಮನೆಗೆ ಹೋಗಿ ನೀರು ಕುಡಿದು ಹೊರಡುತ್ತಿದ್ದರು. ಬಸುರಿಯರನ್ನು ಮಾತಾಡಿಸಲು ಅವಳನ್ನು ಬಿಡುತ್ತಿರಲಿಲ್ಲ. ನಾವು ಮಕ್ಕಳು ಅವಳನ್ನು ಮಾತು ಕಡಿಮೆಯ ಹೆಂಗಸು ಎಂದೇ ತಿಳಿದು ಬೆಳೆದೆವು. ಅವಳ ಮಕ್ಕಳು ಮಾತು ಕಲಿಯುವ ಮೊದಲೇ, ನಮ್ಮವ್ವ ಸೆರಗು ಕಚ್ಚಿಕೊಂಡು ಬಂದರೆ ಗೋಡೆಗೆ ಮುಖ ಮಾಡುವುದನ್ನು ಕಲಿತಿದ್ದವು.

"ನಮ್ಮ ಮನ್ಯಾಗ ಮೂವತ್ತು ವರ್ಷ ಯಾರೂ ನಿಮ್ಮವ್ವಗ ಐತವಾರ ಮುಂಜಾನಿ ಮಾತಾಡ್ಸಿಲ್ಲ" ಎಂದ ಚಾಚಾ. "ರೂಢಿ ಆಗಿಬಿಟ್ಟದ. ಗೋಡಿಗಿ ಮಾರಿ ಮಾಡಿದ ಮ್ಯಾಲ ಬಾಯಿ ತೆರಿಯಾಕ ಬರಲಿಲ್ಲ, ಬೇಟಿ."

ಅವನನ್ನು ಹೊಡೆಯಬೇಕೆಂದು ಹೋಗಿದ್ದೆ. ಅವನ ಕೈಯಲ್ಲಿದ್ದ ಔಷಧಿ ಚೀಟಿ ಇಸಿದುಕೊಂಡು ಬಂದೆ. ಮಾತಾಡಿದ್ದರೆ ಈ ಊರು ಅವನನ್ನು ಬಿಡುತ್ತಿರಲಿಲ್ಲ ಎಂಬುದು ನನಗೆ ಅರ್ಥವಾಗುತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ.

ತಮ್ಮ ಶನಿವಾರ ಹೋದ. ಕಡೆಯ ಹೊತ್ತಿನಲ್ಲಿ ಅವನ ಎದೆ ಹಾರುತ್ತಿದ್ದದ್ದನ್ನು ಬರೆಯಲಾರೆ. ಊರಿಗೆ ತಂದು, ವಿಭೂತಿ ಹಚ್ಚಿ, ನಮ್ಮ ಹೊಲದಲ್ಲೇ ಮಣ್ಣು ಮಾಡಿದರು. ಗುಂಡಿ ತೋಡಿದ ಮೂಲೆಯ ಬದುವಿನ ಮೇಲೆ ಒಂದು ಹಸಿರೆಲೆ ಇರಲಿಲ್ಲ.

ಮಣ್ಣು ಕೊಟ್ಟು ಬಂದ ಮರುದಿನವೇ ಮಾತು ಶುರುವಾಯಿತು. ಸೋದರಮಾವ, ಅಂದರೆ ಅವ್ವನ ತಮ್ಮ, ಅಫಜಲಪುರದಿಂದ ಬಂದು ಪಡಸಾಲೆಯಲ್ಲಿ ಕೂತಿದ್ದ. ದೊಡ್ಡ ದನಿಯ ಮನುಷ್ಯ. ಪೊಲೀಸರನ್ನು ಕರೆಯಬೇಕು, ಕೇಸು ಹಾಕಿಸಬೇಕು ಎಂದು ಹಟ ಹಿಡಿದ.

"ಬಾಗಿಲಾಗ ಬಂದು ನಿಂತು, ಕುಡಿಯೋ ತನಕ ನೋಡಿ, ಆಮ್ಯಾಲ ವಿಷ ಅದ ಅಂದಾನಂದ್ರ ಏನರ್ಥ ಆತದ? ಬದುವಿನ ಜಗಳ ಇದ್ದರೂ ಇರಬಹುದು. ಆ ಮಂದಿನ ನಂಬಾಕ ಆತದೇನು?"

ಬದುವಿನ ಜಗಳ ಎಂದೂ ಇರಲಿಲ್ಲ. ಆದರೆ ಅಂಗಳದಲ್ಲಿ ಕೂತಿದ್ದ ನಾಲ್ಕಾರು ಹುಡುಗರು 'ಆ ಮಂದಿ' ಎಂಬ ಮಾತಿಗೆ ತಲೆಯೆತ್ತಿದರು. ಅವರ ಕಣ್ಣು ನೋಡಿ ನನಗೆ ಬೇರೆಯೇ ಒಂದು ಭಯ ಹುಟ್ಟಿತು. ಈ ಕಾಲದಲ್ಲಿ ಒಂದು ಮನೆ ಸುಟ್ಟುಹೋಗಲು ಅಂಥ ಒಂದು ಮಾತು ಸಾಕು. "ಮಾಮಾ, ಬಾಯಿ ಬಿಗಿ ಹಿಡಿ" ಎಂದು ಗದರಿದೆ. "ಹೆಣ್ಣುಮಗಳು ನೀ, ಒಳಗ ನಡಿ" ಅಂದ. ಆಮೇಲೆ ಅವ್ವನ ಕಡೆ ತಿರುಗಿದ.

"ಅಕ್ಕಾ, ನೀ ಹೇಳು. ನೀ ಹೇಳಿದ್ರ ಸಾಕು. ಅವ ಬೇಕಂತಲೇ ಸುಮ್ಮನಿದ್ದ ಅಂತ ಒಂದು ಮಾತು ಹೇಳು, ಮುಂದಿಂದು ನಾ ನೋಡ್ಕೋತೇನಿ."

ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. ಮಣ್ಣು ಮಾಡಿ ಬಂದಾಗಿನಿಂದ ಅವಳು ನೀರು ಸಹ ಕೇಳಿರಲಿಲ್ಲ. ಅವಳು ಹೂಂ ಅನ್ನುತ್ತಾಳೆ ಎಂದೇ ನಾನು ಹೆದರಿದ್ದೆ. ಹೂಂ ಅಂದರೆ ಅವಳ ಔಷಧ ಉಳಿಯುತ್ತಿತ್ತು, ಕಟ್ಟಳೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ತಪ್ಪೆಲ್ಲ ಪಕ್ಕದ ಮನೆಗೆ ಹೋಗುತ್ತಿತ್ತು. ಹಿಂದೆ ಒಮ್ಮೆ ಹಾಗೆ ಹೋದದ್ದೇ ಅಲ್ಲವೇ?

ಅಷ್ಟರಲ್ಲಿ ಚಾಚಾ ಚಾಚಿ ಇಬ್ಬರೂ ಅಂಗಳದೊಳಗೆ ಬಂದರು. ಬರಬೇಡಿ ಎಂದು ನಾನು ಬೆಳಗ್ಗೆ ಹೇಳಿಕಳಿಸಿದ್ದೆ, ಆದರೂ ಬಂದರು. ಹುಡುಗರು ಎದ್ದು ನಿಂತರು. ಚಾಚಾ ನೆಲದ ಮೇಲೆ ಕೂತು, ಯಾರೂ ಕೇಳದೆಯೇ, "ಹೌದ್ರಿ, ನಾ ನಿಂತಿದ್ದೆ. ಬಾಯಿ ತೆರೀಲಿಲ್ಲ. ಏನು ಮಾಡ್ತೀರಿ ಮಾಡ್ರಿ" ಅಂದ.

ಚಾಚಿ ಕೂರಲಿಲ್ಲ. ಅವಳು ಅವ್ವನ ಮುಂದೆ ಹೋಗಿ ನಿಂತಳು. ಅಷ್ಟು ಜನರ ನಡುವೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಂದು ನಾ ಮಾತಾಡಿದೆ ಅಂತ ಒಬ್ಬ ಸತ್ತ ಅಂದ್ರಿ. ಇಂದು ಇವರು ಮಾತಾಡಲಿಲ್ಲ ಅಂತ ಒಬ್ಬ ಸತ್ತಾನ ಅಂತಾರ. ನಮ್ಮ ಮನಿ ಮಂದಿ ಏನು ಮಾಡಬೇಕಿತ್ತು, ಅದೊಂದು ಹೇಳ್ರಿ ಅಕ್ಕಾ. ನಾ ಕೇಳಿ ಹೋಗ್ತೇನಿ."

ಸೋದರಮಾವ ಏನೋ ಹೇಳಲು ಹೋದ. ಅವ್ವ ಕೈಯೆತ್ತಿ ಅವನನ್ನು ನಿಲ್ಲಿಸಿದಳು.

"ಯಾರನ್ನೂ ಕರೀಬ್ಯಾಡ್ರಿ. ನನ್ನ ಮಗನ್ನ ನಾನೇ ಕೊಂದೀನಿ. ಅವ ಬಾಗಿಲಾಗ ಬಂದು ನಿಂತಿದ್ದು ಕಂಡಿದ್ದೆ. ಅಷ್ಟು ಮುಂಜಾನಿ ಯಾಕ ಓಡಿ ಬಂದಾನ ಅಂತ ಮನಸ್ಸಿಗಿ ಬಂದಿತ್ತು. ಬಾಯಾಗಿನ ಸೆರಗು ತಗದು ಕೇಳಬೇಕಿತ್ತು. ಔಷಧ ಕೆಡತದಂತ ಕೇಳಲಿಲ್ಲ."

ಆಮೇಲೆ ಅವಳು ಚಾಚಿಯ ಮುಖ ನೋಡಿದಳು.

"ಅಂದಿನವ ನಿನ್ನ ಮಾತಿಗಿ ಸತ್ತಿಲ್ಲ, ತಂಗಿ. ಅವನ ಹೊಟ್ಯಾಗ ನೀರು ತುಂಬಿತ್ತು, ಕಣ್ಣು ಮ್ಯಾಲ ಹತ್ತಿದ್ವು. ಉಳಿಯಂಗಿಲ್ಲ ಅಂತ ಸೊಪ್ಪಿಗಿ ಹೊಂಟಾಗ ನೋಡಿದ ಕೂಡ್ಲೇ ನನಗ ಗೊತ್ತಾಗಿತ್ತು. ನನ್ನ ಔಷಧ ಕುಡದು ಸತ್ತ ಅಂದ್ರ ನನ್ನ ಹೆಸರು ಹೋಗತಿತ್ತು. ಹೆಂಗ ತಪ್ಪಿಸಿಕೊಳ್ಳಲಿ ಅಂತ ಸೊಪ್ಪು ಹಿಡಕೊಂಡು ಬರಾಕತ್ತಿದ್ದೆ. ಅಷ್ಟರಾಗ ನೀ ಮಾತಾಡಿಸಿದಿ. ದೇವರೇ ಕಳಿಸಿದ ಅಂದ್ಕೊಂಡೆ."

ಸೋದರಮಾವ ತಲೆ ತಗ್ಗಿಸಿದ. ಹುಡುಗರಲ್ಲಿ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದರು. ನನ್ನ ಅವ್ವ ಯಾರೆಂದು ನನಗೆ ಆ ಕ್ಷಣ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಚಾಚಿ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ತಪ್ಪೂ ಇರಲಿಲ್ಲ. ಅವಳು ಮೆಲ್ಲಗೆ ಅವ್ವನ ಎದುರಿಗೆ ಕೂತಳು. ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ. ಅವಳ ಕಣ್ಣಲ್ಲಿ ನೀರಿತ್ತು, ಅದು ನನ್ನ ತಮ್ಮನಿಗೋ ತನಗೋ ನನಗೆ ಗೊತ್ತಾಗಲಿಲ್ಲ.

"ಇಷ್ಟು ಹೇಳಾಕ ನಿಮ್ಮ ಮಗ ಸಾಯಬೇಕಿತ್ತೇನ್ರಿ, ಅಕ್ಕಾ?"

ಅವ್ವ ಹೌದೆಂದು ತಲೆಯಾಡಿಸಿದಳು.